ಸೀಳುವ ಕ್ಲೀವ್, ಅಂಟುವ ಕ್ಲೀವ್

ಈಚೆಗೆ ತಿದ್ದಲು ಬಂದ ಅನುವಾದವೊಂದರಲ್ಲಿ ‘ಬಳ್ಳಿ ಹಳೆಯ ಗೋಡೆಯನ್ನು ಸೀಳಿತ್ತು’ ಎಂಬ ವಾಕ್ಯವಿತ್ತು. ಅನುಮಾನ ಬಂದು ಇಂಗ್ಲಿಷ್ ಮೂಲ ತೆಗೆದೆ. ಅಲ್ಲಿದ್ದದ್ದು ‘ಕ್ಲೀವ್ಡ್ ಟು’. ಬಳ್ಳಿ ಗೋಡೆಯನ್ನು ಸೀಳಿರಲಿಲ್ಲ, ಬಿಗಿಯಾಗಿ ಅಪ್ಪಿಕೊಂಡಿತ್ತು. ಅನುವಾದಕರು ನಿಘಂಟು ನೋಡಿಯೇ ಬರೆದಿದ್ದರು. ಮೊದಲ ಅರ್ಥ ಸಿಕ್ಕೊಡನೆ ಪುಟ ಮುಚ್ಚಿದ್ದರು, ಅಷ್ಟೆ.

ಕ್ಲೀವ್ ಎಂದರೆ ಸೀಳು, ಕ್ಲೀವ್ ಎಂದರೆ ಅಂಟಿಕೊ. ಒಂದೇ ಪದ ತಿರುಗಿ ನಿಂತು ಹೀಗಾಯಿತೆಂದು ಹಲವರು ಭಾವಿಸುತ್ತಾರೆ. ಹಾಗಲ್ಲ. ಹಳೆಯ ಇಂಗ್ಲಿಷಿನಲ್ಲಿ ಇವು ಎರಡು ಬೇರೆ ಕ್ರಿಯಾಪದಗಳು: ಸೀಳುವುದಕ್ಕೆ ‘ಕ್ಲೇಓವನ್’, ಅಂಟುವುದಕ್ಕೆ ‘ಕ್ಲಿವಿಯನ್’. ಬಾಯಿಂದ ಬಾಯಿಗೆ ಸವೆಯುತ್ತಾ ಎರಡೂ ಒಂದೇ ರೂಪಕ್ಕೆ ಬಂದವು. ಜೇಡಿಮಣ್ಣಿನ ‘ಕ್ಲೇ’, ಅಂಟಿನ ‘ಗ್ಲೂ’ ಇವು ಅಂಟುವ ಕ್ಲೀವ್‌ನ ಬಳಗ. ಸೀಳುವುದರ ದಾಯಾದಿ ‘ಕೆತ್ತು’ ಎಂಬರ್ಥದ ಗ್ರೀಕ್ ಪದ. ಈಜಿಪ್ಟಿನ ಹಳೆಯ ಚಿತ್ರಲಿಪಿಯ ಹೆಸರಾದ ‘ಹೈರೊಗ್ಲಿಫ್’ ಎಂಬುದರೊಳಗೆ ಅದು ಇಂದಿಗೂ ಇದೆ. ಬೆಳ್ಳುಳ್ಳಿ ಎಸಳಿನ ‘ಕ್ಲೋವ್’ ಕೂಡ ಈ ಕಡೆಯದೇ. ಲವಂಗದ ‘ಕ್ಲೋವ್’ ಮಾತ್ರ ಬೇರೆ: ಅದು ಮೊಳೆ ಎಂಬರ್ಥದ ಲ್ಯಾಟಿನ್ ಪದದಿಂದ ಬಂದದ್ದು.

ನನಗೆ ಬಲು ಇಷ್ಟವಾದ ಸಾಕ್ಷಿ 1611ರ ಇಂಗ್ಲಿಷ್ ಬೈಬಲ್ಲಿನಲ್ಲಿದೆ. ರೂತಳು ಅತ್ತೆಯನ್ನು ಬಿಟ್ಟುಹೋಗದೆ ಅಂಟಿಕೊಂಡು ನಿಂತಳೆಂಬಲ್ಲಿ ‘ಕ್ಲೇವ್’ ಎಂದಿದೆ. ಸಮುವೇಲನ ಮೊದಲ ಪುಸ್ತಕದಲ್ಲಿ ಬಂಡಿಯ ಮರವನ್ನು ಸೀಳಿ ಬಲಿಗೆ ಸೌದೆ ಮಾಡಿದರೆಂಬಲ್ಲಿಯೂ ‘ಕ್ಲೇವ್’! ಭೂತಕಾಲದ ರೂಪವೂ ಒಂದೇ. ಓದುಗರು ತಡವರಿಸುವುದಿಲ್ಲ, ಏಕೆಂದರೆ ಅಂಟುವ ಕ್ಲೀವ್‌ನ ಬೆನ್ನಿಗೆ ‘ಟು’ ಅಥವಾ ‘ಅಂಟು’ ಎಂಬ ವಿಭಕ್ತಿಸೂಚಕ ಬರುತ್ತದೆ. (ಈ ಎರಡನೆಯದು ಇಂಗ್ಲಿಷಿನದು, ನಮ್ಮ ಅಂಟು ಅಲ್ಲ.)

ಶಾಸ್ತ್ರಗಳು ಎತ್ತಿಕೊಂಡದ್ದು ಸೀಳುವುದನ್ನು. ಕಾಗೆಬಂಗಾರ ತೆಳು ಹಾಳೆಗಳಾಗಿ ಬಿಡಿಸಿಕೊಳ್ಳುವ ಗುಣಕ್ಕೆ ಖನಿಜಶಾಸ್ತ್ರದಲ್ಲಿ ‘ಕ್ಲೀವೇಜ್’ ಎನ್ನುತ್ತಾರೆ. ಭ್ರೂಣದ ಮೊದಲ ಕೋಶವಿಭಜನೆಗಳಿಗೂ ಅದೇ ಹೆಸರು. 3,106 ಕ್ಯಾರೆಟ್ಟಿನ ಕಲಿನನ್ ವಜ್ರವನ್ನು 1908ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಜೋಸೆಫ್ ಆಷರ್ ಒಡೆದದ್ದೂ ಹರಳಿನ ಇಂಥ ಸೀಳುಗೆರೆ ಹಿಡಿದೇ.

ಕನ್ನಡದ ಕಿವಿಗೆ ಇದು ತೀರ ಹೊಸದೇನಲ್ಲ. ಒಡನಾಡಿ, ಒಡಹುಟ್ಟು ಎಂಬಲ್ಲಿ ‘ಒಡ’ ಎಂದರೆ ಜೊತೆ. ಒಡೆ, ಒಡಕು ಎಂಬಲ್ಲಿ ಬಿರುಕು. ಬೇರೆ ಬೇರೆ ಬೇರಿನ ಪದಗಳು ಒಂದೇ ದನಿಯಲ್ಲಿ ಕೇಳಿಸುತ್ತವೆ. ಇಷ್ಟನ್ನು ಹೇಳಿದೆ, ಅನುವಾದಕರಿಗೆ ತಕ್ಷಣ ಹೊಳೆಯಿತು. ಬಳ್ಳಿಯ ವಾಕ್ಯವನ್ನು ಅವರೇ ತಿದ್ದಿದರು: ‘ಬಳ್ಳಿ ಹಳೆಯ ಗೋಡೆಗೆ ಕಚ್ಚಿಕೊಂಡಿತ್ತು.’