ನಾಯಿಯ ನ್ಯಾಯಕ್ಕೆ ಕುರಿಯೇ ಸಾಕ್ಷಿ

ರೊಪ್ಪದಲ್ಲಿ ಕುರಿ ಸತ್ತ ದಿನ ಪಶು ಆಸ್ಪತ್ರೆಗೆ ಬರುವ ಫೋನಿನಲ್ಲಿ ಕುರಿಯ ವಿಷಯ ಕಡಿಮೆ, ನಾಯಿಯ ವಿಷಯ ಜಾಸ್ತಿ. ‘ಸಾರ್, ತೋಟದ ಮನೆಯವರ ನಾಯಿ ಮೂರು ಕುರಿ ಕಡಿದು ಹಾಕಿದೆ. ಬಂದು ಒಂದು ಸರ್ಟಿಫಿಕೇಟ್ ಕೊಡಿ.’ ಅಷ್ಟೊತ್ತಿಗೆ ಕೊಂದದ್ದು ಯಾರು, ದಂಡ ಎಷ್ಟು, ಎಲ್ಲ ಅರಳೀಕಟ್ಟೆಯಲ್ಲಿ ತೀರ್ಮಾನ ಆಗಿರುತ್ತದೆ. ಡಾಕ್ಟರ ಸಹಿ ಒಂದು ಬಾಕಿ.

ತುಮಕೂರು ಜಿಲ್ಲೆಯ ಶಿರಾ, ಪಾವಗಡ, ಮಧುಗಿರಿ ಕಡೆ ಕೆಲಸ ಮಾಡುವ ಪಶುವೈದ್ಯರಿಗೆ ಇದು ಹೊಸದಲ್ಲ. ಮಳೆ ನೆಚ್ಚಿಕೊಂಡ ಸೀಮೆ ಇದು. ಕಡಲೆಕಾಯಿ ಕೈ ಕೊಟ್ಟ ವರ್ಷವೂ ಕುರಿ ಕೈ ಹಿಡಿಯುತ್ತದೆ. ಮಗಳ ಮದುವೆಗೋ ಬೋರ್‌ವೆಲ್ ಸಾಲಕ್ಕೋ ಮೊದಲು ಸಂತೆಗೆ ಹೋಗುವುದು ಟಗರು. ಹಾಗಿರುವಾಗ ಒಂದೇ ರಾತ್ರಿ ಮೂರು ಕುರಿ ಹೋದರೆ ಹೊಟ್ಟೆ ಉರಿಯದೆ ಇರುತ್ತದೆಯೇ? ಆ ಸಿಟ್ಟು ಎಲ್ಲಾದರೂ ಇಳಿಯಬೇಕು. ಎದುರಿಗೆ ಸಿಗುವುದು ನಾಯಿ. ಅದರ ಹಿಂದೆಯೇ ನಾಯಿ ಸಾಕಿದವನು.

ನಾನು ಎಲ್ಲ ಕಡೆ ಹೇಳುವುದು ಇಷ್ಟೇ: ನಾಯಿಯನ್ನು ಆಮೇಲೆ ವಿಚಾರಿಸೋಣ, ಮೊದಲು ಕುರಿಯನ್ನು ವಿಚಾರಿಸಿ.

ಇದರಲ್ಲಿ ದುಡ್ಡಿನ ಲೆಕ್ಕವೂ ಇದೆ. ಅದನ್ನು ಮುಚ್ಚಿಟ್ಟು ಮಾತಾಡಿ ಪ್ರಯೋಜನವಿಲ್ಲ. ಚಿರತೆಯೋ ತೋಳವೋ ಕೊಂದಿದ್ದರೆ ಪರಿಹಾರ ಅರಣ್ಯ ಇಲಾಖೆಯಿಂದ ಬರಬೇಕು. ಆಕಸ್ಮಿಕ ಸಾವಾದರೆ ರಾಜ್ಯ ಸರ್ಕಾರದ ‘ಅನುಗ್ರಹ’ ಯೋಜನೆ ಇದೆ. ಕುರಿ-ಮೇಕೆಗೆ ಅದರಲ್ಲಿ 5,000 ರೂಪಾಯಿ ಇದ್ದದ್ದನ್ನು 2025-26ರ ಬಜೆಟ್‌ನಲ್ಲಿ 7,500ಕ್ಕೆ ಏರಿಸಿದರು. ನಾಯಿ ಅಂದರೆ ಕೊಡಬೇಕಾದವನು ಪಕ್ಕದ ಹೊಲದವನು. ಅಂದರೆ, ಕೊಂದದ್ದು ಯಾವುದು ಅಂತ ಹೇಳುವಾಗಲೇ ಯಾರ ಜೇಬಿಗೆ ಕೈ ಹಾಕಬೇಕು ಅನ್ನುವುದೂ ಮನಸ್ಸಿನಲ್ಲಿರುತ್ತದೆ. ಚಿರತೆ ಓಡಾಟ ಇರುವ ಊರಲ್ಲಿ ಪ್ರತಿ ಗಾಯವೂ ಚಿರತೆಯದೇ. ಬದುವಿನ ಜಗಳ ಇರುವ ಊರಲ್ಲಿ ಪ್ರತಿ ಗಾಯವೂ ನಾಯಿಯದೇ. ಜನ ಸುಳ್ಳು ಹೇಳುತ್ತಾರೆ ಅಂತಲ್ಲ. ಕಣ್ಣು ಬೇಕಾದ ಕಡೆಗೇ ಹೋಗುತ್ತದೆ, ಅಲ್ವಾ?

ಸತ್ತ ಕುರಿಗೆ ಇಂಥ ಲೆಕ್ಕ ಇಲ್ಲ.

ಚಿರತೆ ಹಿಡಿಯುವುದು ಸಾಮಾನ್ಯವಾಗಿ ಕುತ್ತಿಗೆಯನ್ನು. ಗಂಟಲಲ್ಲಿ ನಾಲ್ಕು ಆಳದ ತೂತು, ಮಿಕ್ಕ ಮೈ ಬಹುಪಾಲು ಸ್ವಚ್ಛ. ಸಾಧ್ಯವಾದರೆ ಎಳೆದುಕೊಂಡು ಹೋಗಿ ಮರೆಯಲ್ಲಿ ತಿನ್ನುತ್ತದೆ. ತೋಳ ಮರಿಯನ್ನಾದರೆ ಎತ್ತಿಕೊಂಡೇ ಹೋಗುತ್ತದೆ, ಹೆಚ್ಚು ಉಳಿಸುವುದಿಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಕೃಷ್ಣಮೃಗಗಳ ಹುಲ್ಲುಗಾವಲಿನ ಸುತ್ತ ಕುರಿ ಕಾಯುವವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ನಾಯಿಗಳ ಕೆಲಸ ಗಲೀಜು. ಅಟ್ಟಿಸಿಕೊಂಡು ಹೋಗಿ ತೊಡೆ, ಬಾಲ, ಕಿವಿ, ಪಕ್ಕೆ, ಸಿಕ್ಕಲ್ಲಿ ಕಚ್ಚಿ ಹರಿಯುತ್ತವೆ. ಒಂದನ್ನು ಬಿಟ್ಟು ಇನ್ನೊಂದರ ಹಿಂದೆ ಬೀಳುತ್ತವೆ. ಹತ್ತು ಕುರಿಗೆ ಗಾಯ, ತಿಂದದ್ದು ಮಾತ್ರ ಹಿಡಿಯಷ್ಟು. ಹೆಜ್ಜೆಯಲ್ಲೂ ವ್ಯತ್ಯಾಸ ಇದೆ. ನಾಯಿ, ತೋಳದ ಹೆಜ್ಜೆಯಲ್ಲಿ ಉಗುರಿನ ಗುರುತು ಬೀಳುತ್ತದೆ. ಚಿರತೆ ನಡೆಯುವಾಗ ಉಗುರು ಒಳಗೆ ಎಳೆದುಕೊಂಡಿರುತ್ತದೆ. ಆದರೆ ಬೆಳಿಗ್ಗೆ ಅರ್ಧ ಊರು ಬಂದು ತುಳಿದ ಮೇಲೆ ಅಲ್ಲಿ ಕಾಣುವುದು ಹವಾಯಿ ಚಪ್ಪಲಿಯ ಹೆಜ್ಜೆ ಮಾತ್ರ.

ಇದೆಲ್ಲಕ್ಕಿಂತ ಮುಖ್ಯವಾದದ್ದು ಚರ್ಮದ ಒಳಗಿದೆ. ಶಿರಾ ಕಡೆಯ ಒಂದು ಹಟ್ಟಿಯ ಪ್ರಕರಣ ಹೇಳಿದರೆ ಅರ್ಥವಾದೀತು.

ರಾಗಿ ಕೊಯ್ಲು ಮುಗಿದ ಕಾಲ. ಮೂರು ಕುರಿ ಸತ್ತಿದ್ದವು, ಮೂರರ ಮೈಮೇಲೂ ಹಲ್ಲಿನ ಗಾಯ. ತೋಟದ ಮನೆಯ ಕರಿ ನಾಯಿ ಬೆಳಗಿನ ಜಾವ ರೊಪ್ಪದಿಂದ ಓಡಿದ್ದನ್ನು ಇಬ್ಬರು ನೋಡಿದ್ದರು. ‘ಮೂತಿ ತುಂಬಾ ರಕ್ತ ಇತ್ತು ಸಾರ್, ನಾನೇ ನೋಡಿದೀನಿ’ ಅಂತ ಕುರಿಯವರ ತಮ್ಮ. ನಾಯಿಯ ಯಜಮಾನರು, ‘ನಮ್ದು ರಾತ್ರಿಯೆಲ್ಲಾ ಕಟ್ಟೇ ಇರುತ್ತೆ’ ಅಂದರು. ನಾಯಿ ಕಟ್ಟಿದ್ದಂತೂ ನಿಜ. ಆದರೆ ಸರಪಳಿ ಹೊಳೆಯುವ ಹೊಸದು, ಕೊರಳಲ್ಲಿ ಕೂದಲು ಸವೆದ ಗುರುತೇ ಇಲ್ಲ. ನಾನು ಅದನ್ನು ನೋಡಿದೆ, ಸುಮ್ನಿದ್ದೆ. ಆಗ ಅದನ್ನು ಎತ್ತಿದ್ದರೆ ಮಾತು ಅಲ್ಲೇ ಮುರಿಯುತ್ತಿತ್ತು.

ಮರಣೋತ್ತರ ಪರೀಕ್ಷೆಗೆ ಮೊದಲನೆಯ ಕುರಿಯ ಗಾಯದ ಸುತ್ತ ಉಣ್ಣೆ ಕತ್ತರಿಸಿ, ಚರ್ಮ ಬಿಡಿಸಿದೆ. ಬದುಕಿರುವ ಪ್ರಾಣಿಯನ್ನು ಕಚ್ಚಿದರೆ ಒಳಗೆ ರಕ್ತ ಹರಡಿ ಹೆಪ್ಪುಗಟ್ಟುತ್ತದೆ. ಚರ್ಮದ ಒಳಮೈ, ಮಾಂಸ ಎರಡೂ ನೇರಳೆ ಹಣ್ಣು ಜಜ್ಜಿದ ಹಾಗೆ ಕಾಣುತ್ತವೆ. ಸತ್ತ ಮೇಲೆ ಕಚ್ಚಿದರೆ ತೂತು ಇರುತ್ತದೆ, ಹೆಪ್ಪು ಇರುವುದಿಲ್ಲ. ಈ ಕುರಿಯ ತೊಡೆಯಲ್ಲಿ ಹಲ್ಲು ಇಳಿದಿತ್ತು, ಮಾಂಸ ಹರಿದಿತ್ತು, ಒಳಗೆ ಮಾತ್ರ ಮಾಂಸ ತಿಳಿಗೆಂಪು. ಎರಡನೆಯದೂ ಹಾಗೆಯೇ. ಎರಡೂ ದಪ್ಪಗೆ ಮೇದ ಮರಿಗಳು. ಹೃದಯದ ಸುತ್ತಿನ ಚೀಲದಲ್ಲಿ ನೀರು ತುಂಬಿತ್ತು, ಕರುಳು ಕೆಂಪಾಗಿತ್ತು, ಮೂತ್ರಪಿಂಡ ಬೆರಳಿಗೆ ಮೆತ್ತಗೆ ಸಿಕ್ಕಿತು. ಮೂತ್ರಪಿಂಡ ಒಂದನ್ನೇ ನಂಬಬಾರದು, ಹೆಣ ಹಳೆಯದಾದರೆ ಅದು ತಾನಾಗಿಯೇ ಮೆತ್ತಗಾಗುತ್ತದೆ. ಹಾಗಾಗಿ ಕರುಳಿನ ಸ್ಯಾಂಪಲ್ ಲ್ಯಾಬಿಗೆ ಕಳಿಸಿದೆವು. ಹಿಂದಿನ ದಿನ ಎಲ್ಲಿ ಮೇಯಿಸಿದಿರಿ ಅಂತ ಕೇಳಿದಾಗ ರಾಗಿ ಕೊಯ್ದ ಹೊಲ ಅಂದರು. ಉದುರಿದ ತೆನೆ ಹೊಟ್ಟೆ ತುಂಬಾ ತಿಂದಿವೆ. ಕರುಳುಬೇನೆ, ಅಂದರೆ ಕಾಳು ಹೆಚ್ಚಾದಾಗ ಕರುಳಿನಲ್ಲಿರುವ ರೋಗಾಣು ವಿಷ ಕಾರುವ ಕಾಯಿಲೆ, ಬರುವುದೇ ಹೀಗೆ. ಸಂಜೆ ಚೆನ್ನಾಗಿ ಇದ್ದ ಮರಿ ಬೆಳಗಾಗುವಷ್ಟರಲ್ಲಿ ಸತ್ತು ಬಿದ್ದಿರುತ್ತದೆ, ಅದೂ ಮಂದೆಯಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ಮರಿ. ಆ ವರ್ಷ ಲಸಿಕೆ ಹಾಕಿಸಿರಲಿಲ್ಲ.

ಮೂರನೆಯ ಕುರಿಯ ಕಥೆ ಬೇರೆ. ತೊಡೆ, ಕಿವಿಯ ಬುಡ, ಕುತ್ತಿಗೆ, ಎಲ್ಲ ಕಡೆ ಚರ್ಮದ ಅಡಿ ಕಪ್ಪು ಹೆಪ್ಪು. ಇದನ್ನು ಜೀವ ಇದ್ದಾಗಲೇ ನಾಯಿ ಕಡಿದಿದೆ. ಬೇಲಿಯ ಮುಳ್ಳು ಸರಿದಿದ್ದ ಕಡೆ ಹುಡಿಮಣ್ಣಿನಲ್ಲಿ ತುಳಿಯದೆ ಉಳಿದ ಹೆಜ್ಜೆಗಳು ಎರಡು ಅಳತೆಯವು. ಅಂದರೆ ಬಂದದ್ದು ಒಂದೇ ನಾಯಿ ಅಲ್ಲ.

ಈಗ ಹೇಳಿ, ಕರಿ ನಾಯಿ ತಪ್ಪು ಮಾಡಿದೆಯೋ ಇಲ್ಲವೋ? ಮೂತಿಯ ರಕ್ತ ಸತ್ತ ಕುರಿಯನ್ನು ತಿಂದದ್ದರಿಂದಲೂ ಬರುತ್ತದೆ, ಬದುಕಿದ್ದನ್ನು ಕಡಿದರೂ ಬರುತ್ತದೆ. ಊರವರು ನಾಯಿಯ ಬಾಯಿ ಅಗಲಿಸಿ ಹಲ್ಲಿನ ಸಂದಿಯ ಉಣ್ಣೆ ತೋರಿಸಿದರು. ಅದಕ್ಕೂ ಇದೇ ಉತ್ತರ. ಇಲ್ಲಿ ನನ್ನ ಕೆಲಸದ ಗಡಿ ಇದೆ. ಗಾಯ ನೋಡಿ ‘ನಾಯಿ ಕಡಿತಕ್ಕೆ ಹೊಂದುವ ಗಾಯ’ ಅಂತ ಬರೆಯಬಲ್ಲೆ. ‘ಇಂಥವರ ನಾಯಿ’ ಅಂತ ಬರೆಯಲಾರೆ. ಎಷ್ಟು ಒತ್ತಾಯ ಮಾಡಿದರೂ ಯಾವ ಪಶುವೈದ್ಯರೂ ಬರೆಯಬಾರದು.

ಆದರೆ ನ್ಯಾಯ ಬಗೆಹರಿಯಲು ಅಷ್ಟು ಸಾಕಾಯಿತು. ಮೂರು ಕುರಿಯ ಜಗಳ ಒಂದು ಕುರಿಗೆ ಇಳಿಯಿತು. ಇಂಥ ಹೊತ್ತಲ್ಲಿ ಎರಡೂ ಕಡೆಯವರನ್ನು ಒಂದೇ ಕಟ್ಟೆ ಮೇಲೆ ಕೂರಿಸಬಾರದು ಅನ್ನುವುದು ನನ್ನ ಅಭಿಪ್ರಾಯ. ಜನ ಸೇರಿದರೆ ಮರ್ಯಾದೆಯ ಪ್ರಶ್ನೆ ಬರುತ್ತದೆ, ಆಮೇಲೆ ಯಾರೂ ಒಂದು ರೂಪಾಯಿ ಇಳಿಯುವುದಿಲ್ಲ. ಅಲ್ಲಿನ ಹಿರಿಯರೊಬ್ಬರು ಒಂದು ಮನೆಯಿಂದ ಇನ್ನೊಂದು ಮನೆಗೆ ತಾವೇ ಓಡಾಡಿದರು. ಕುರಿಯವರು, ‘ಗಬ್ಬದ ಕುರಿ, ಹೊಟ್ಟೇಲಿ ಎರಡು ಮರಿ ಇದ್ವು, ಅದಕ್ಕೂ ಸೇರಿಸಿ’ ಅಂದರು. ಗರ್ಭಕೋಶದಲ್ಲಿ ಇದ್ದದ್ದು ಒಂದು ಮರಿ, ವರದಿಯಲ್ಲಿ ಬರೆದಿದ್ದೆ. ಅಲ್ಲಿಗೆ ಆ ಚೌಕಾಸಿ ನಿಂತಿತು. ನಾಯಿಯ ಯಜಮಾನರಿಗೆ ಹಿರಿಯರು ಕೇಳಿದ್ದು ಒಂದೇ ಮಾತು: ‘ಸರಪಳಿ ಯಾವತ್ತು ತಂದ್ಯಪ್ಪಾ?’ ಅವರು ಅರ್ಧ ಬೆಲೆಗೆ ಒಪ್ಪಿದರು. ಇನ್ನೊಂದು ನಾಯಿ ಯಾರದೆಂದು ಗೊತ್ತಿಲ್ಲದ ಕಾರಣ ಉಳಿದರ್ಧ ಕುರಿಯವರ ಪಾಲಿಗೆ. ಬೇಲಿ ಸಡಿಲ ಇತ್ತಲ್ಲ. ರಾತ್ರಿ ನಾಯಿ ಕಟ್ಟುವುದು, ಬೇಲಿಗೆ ಜಾಲಿಮುಳ್ಳು ಹೊಸದಾಗಿ ಹಾಕುವುದು, ಮಂದೆಗೆಲ್ಲ ಲಸಿಕೆ, ಇಷ್ಟನ್ನು ಬರೆದು ಇಬ್ಬರೂ ಸಹಿ ಹಾಕಿದರು. ಸಹಿ ಇಲ್ಲದ ರಾಜಿ ಮುಂದಿನ ಹಬ್ಬದವರೆಗೂ ಬಾಳುವುದಿಲ್ಲ.

ನಾಯಿಯನ್ನು ಕಟ್ಟುವುದು ಶಿಕ್ಷೆ ಅಲ್ಲ. ಒಮ್ಮೆ ಕುರಿ ಅಟ್ಟಿದ ನಾಯಿ ಮತ್ತೆ ಅಟ್ಟುವ ಸಂಭವ ಜಾಸ್ತಿ, ಅದರಲ್ಲೂ ಜೊತೆ ಸಿಕ್ಕರೆ. ಹೊಟ್ಟೆಗೆ ಹಾಕಿದರೂ ಅಟ್ಟುತ್ತದೆ, ಏಕೆಂದರೆ ಓಡುವುದನ್ನು ಕಂಡರೆ ಬೆನ್ನು ಹತ್ತುವುದು ಅದರ ಗುಣ.

ಕಟ್ಟಲು ಇನ್ನೊಂದು ಕಾರಣ ರೇಬಿಸ್. ಅನುಮಾನ ಇರುವ ನಾಯಿಯನ್ನು ಹತ್ತು ದಿನ ಕಟ್ಟಿ ನೋಡಬೇಕು. ಹುಚ್ಚು ಇದ್ದು ಜೊಲ್ಲಿನಲ್ಲಿ ವೈರಸ್ ಬರುತ್ತಿದ್ದರೆ ಅಷ್ಟರಲ್ಲಿ ಲಕ್ಷಣ ಕಾಣಿಸುತ್ತದೆ, ನಾಯಿ ಸಾಯುತ್ತದೆ. ಆಗ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ರೇಬಿಸ್ ಲ್ಯಾಬಿನಲ್ಲಿ ಮಿದುಳು ಪರೀಕ್ಷೆ ಮಾಡಿಸಬಹುದು. ತಲೆ ಒಡೆದು ಕೊಂದು ಹೂತರೆ ಆ ದಾರಿಯೂ ಮುಚ್ಚಿತು. ಕಡಿಸಿಕೊಂಡು ಬದುಕಿದ ಕುರಿಯ ಗಾಯವನ್ನು ಸೋಪು ಹಚ್ಚಿ, ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಿರಿ. ಕೈಗೆ ಗ್ಲೌಸ್ ಇರಲಿ, ಇಲ್ಲದಿದ್ದರೆ ಪ್ಲಾಸ್ಟಿಕ್ ಕವರ್ ಆದರೂ ಇರಲಿ. ಆಮೇಲೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಆ ಹತ್ತು ದಿನದಲ್ಲಿ ಊರಿನ ಸಿಟ್ಟೂ ಅಷ್ಟಿಷ್ಟು ಇಳಿದಿರುತ್ತದೆ, ಅದು ಹೆಚ್ಚಿನ ಲಾಭ.

ಕೊಲ್ಲುವ ಮಾತು ಬಂದರೆ ಕಾನೂನು ಹೇಳಲೇಬೇಕು. ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರ ಇನ್ನೊಬ್ಬರಿಗೆ ನಷ್ಟ ಮಾಡಲೆಂದು ಪ್ರಾಣಿಯನ್ನು ಕೊಂದರೆ, ವಿಷ ಹಾಕಿದರೆ ಐದು ವರ್ಷದವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡೂ. 291ನೇ ಕಲಂ ಸಾಕಿದವರಿಗೆ: ಮನುಷ್ಯರಿಗೆ ಅಪಾಯ ಆಗುವಂತೆ ಪ್ರಾಣಿಯನ್ನು ಅಜಾಗರೂಕತೆಯಿಂದ ಬಿಟ್ಟರೆ ಆರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹೊಲದ ಔಷಧಿ ಬೆರೆಸಿದ ಮಾಂಸ ಬದುವಿನಲ್ಲಿ ಇಡುವವರು ಇನ್ನೂ ಇದ್ದಾರೆ. ಅದನ್ನು ಬೇಕಾದ ನಾಯಿಯೇ ತಿನ್ನುತ್ತದೆ ಅನ್ನುವ ಗ್ಯಾರಂಟಿ ಏನು? ಕಾಗೆ ಸಾಯುತ್ತದೆ, ಮನೆ ಕೋಳಿ ಸಾಯುತ್ತದೆ, ನವಿಲು ಸತ್ತರೆ ಅರಣ್ಯ ಇಲಾಖೆಯ ಕೇಸು ಬೇರೆ.

ಆ ಎರಡನೆಯ ನಾಯಿಯ ವಿಷಯ ಉಳಿಯಿತು. ಅದು ಬೀದಿ ನಾಯಿ ಇರಬೇಕು. ಊರಾಚೆ ಕೆರೆ ಏರಿಯ ಕೆಳಗೆ ಎರಡು ಕೋಳಿ ಅಂಗಡಿಯ ವೇಸ್ಟ್ ಚೀಲ ಚೀಲ ಸುರಿಯುತ್ತಾರೆ, ಅಲ್ಲಿ ಗುಂಪು ಬೆಳೆದಿದೆ. ರೊಪ್ಪಕ್ಕೂ ಆ ಜಾಗಕ್ಕೂ ಕೂಗಳತೆ ದೂರ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿ ನಾಯಿಗಳಿಗೆ ಆಪರೇಷನ್, ಲಸಿಕೆ ಮಾಡಿಸುವ ಹೊಣೆ ಸ್ಥಳೀಯ ಸಂಸ್ಥೆಯದು. ಪಂಚಾಯ್ತಿಯವರನ್ನು ಕೇಳಿದರೆ ಪಶು ಇಲಾಖೆ ಅನ್ನುತ್ತಾರೆ, ನಮ್ಮವರನ್ನು ಕೇಳಿದರೆ ಪಂಚಾಯ್ತಿ ಅನ್ನುತ್ತಾರೆ. ನಾಯಿಗೆ ಹೇಳಿದರೆ ನಾಯಿ ತನ್ನ ಬಾಲಕ್ಕೆ ಹೇಳಿತಂತೆ, ಹಾಗಾಗಿದೆ. ಆದರೆ ಕೋಳಿ ವೇಸ್ಟಿಗೆ ಗುಂಡಿ ತೋಡಿಸಿ ಮುಚ್ಚಿಸಲು ಯಾವ ನಿಯಮವೂ ಅಡ್ಡ ಬರುವುದಿಲ್ಲ. ಇಬ್ಬರು ಅಂಗಡಿಯವರನ್ನು ಕರೆದು ಮಾತಾಡಿದರೆ ಆಗುವ ಕೆಲಸ. ಆ ಊರಲ್ಲಿ ಅದು ಇನ್ನೂ ಆಗಿಲ್ಲ.