ಹಳೆ ಕಾರಿನ ಟೆಂಪರೇಚರ್ ಮುಳ್ಳು ಯಾಕೆ ಏರಿಳಿಯುತ್ತದೆ?

ಹಳೆ ಕಾರು ಓಡಿಸುವವರ ಕಣ್ಣು ಆಗಾಗ ಟೆಂಪರೇಚರ್ ಮೀಟರಿನ ಕಡೆ ಹೋಗಿ ಬರುತ್ತಲೇ ಇರುತ್ತದೆ. ನನಗೂ ಆ ಅಭ್ಯಾಸ ಇದೆ. ಮುಳ್ಳು ಸ್ವಲ್ಪ ಮೇಲೆ ಹೋದರೆ ಸಾಕು, ಎಂಜಿನ್ ಕೈಕೊಡ್ತಾ ಅಂತ ಭಯ. ಆದರೆ ಮುಳ್ಳು ಅಲುಗಾಡಿದ ಮಾತ್ರಕ್ಕೆ ಹೆದರಬೇಕಿಲ್ಲ. ಅದು ಯಾವಾಗ ಏರುತ್ತದೆ, ಎಷ್ಟು ಬೇಗ ಏರುತ್ತದೆ, ಏರಿದ್ದು ಯಾವಾಗ ಇಳಿಯುತ್ತದೆ ಅಂತ ಗಮನಿಸಿದರೆ, ಬಾನೆಟ್ ಎತ್ತುವ ಮೊದಲೇ ಅರ್ಧ ವಿಷಯ ಗೊತ್ತಾಗಿರುತ್ತದೆ.

ಪೆಟ್ರೋಲ್ ಉರಿಯುವಾಗ ಸಿಲಿಂಡರ್ ಒಳಗಿನ ಬಿಸಿ ಕ್ಷಣಮಾತ್ರಕ್ಕೆ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅಲ್ಯೂಮಿನಿಯಂ ಕರಗೋದು 660 ಡಿಗ್ರಿಗೆ. ಆದರೂ ಸಿಲಿಂಡರಿನ ಮೇಲೆ ಮುಚ್ಚಳದ ಹಾಗೆ ಕೂತಿರುವ ಅಲ್ಯೂಮಿನಿಯಂ ಹೆಡ್ ಕರಗದೆ ಉಳಿದಿದೆ ಅಂದರೆ, ಅದರ ಬೆನ್ನ ಹಿಂದೆಯೇ ಹರಿಯುವ ಕೂಲೆಂಟ್ ಬಿಸಿಯನ್ನು ಎಳೆದುಕೊಂಡು ಹೋಗುತ್ತಿದೆ. ಇಂಧನದ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ ಕೆಲಸಕ್ಕೆ ಬರುತ್ತದೆ, ಇನ್ನೊಂದು ಪಾಲು ಸೈಲೆನ್ಸರ್‌ನಿಂದ ಆಚೆ ಹೋಗುತ್ತದೆ, ಉಳಿದದ್ದರಲ್ಲಿ ಹೆಚ್ಚಿನದನ್ನು ಈ ಕೂಲೆಂಟೇ ಹೊರಬೇಕು.

ಹಾಗಂತ ಎಂಜಿನ್ ತಣ್ಣಗೂ ಇರಬಾರದು. ಅದಕ್ಕೇ ಥರ್ಮೋಸ್ಟಾಟ್ ಇರೋದು. ಅದರೊಳಗೆ ಒಂದು ಪುಟ್ಟ ಲೋಹದ ಡಬ್ಬಿ, ಡಬ್ಬಿ ತುಂಬಾ ಮೇಣ. ಕೂಲೆಂಟ್ ಬಿಸಿಯಾದಾಗ ಮೇಣ ಕರಗಿ ಹಿಗ್ಗುತ್ತದೆ, ಹಿಗ್ಗಿದ ಮೇಣ ಒಂದು ಕಡ್ಡಿಯನ್ನು ತಳ್ಳುತ್ತದೆ, ಕಡ್ಡಿ ವಾಲ್ವ್ ತೆರೆದು ಕೂಲೆಂಟನ್ನು ರೇಡಿಯೇಟರಿಗೆ, ಅಂದರೆ ಗಾಳಿಯಿಂದ ಅದನ್ನು ತಣಿಸುವ ಜಾಲರಿಗೆ, ಬಿಡುತ್ತದೆ. ವೈರಿಲ್ಲ, ಕರೆಂಟಿಲ್ಲ. ಎಷ್ಟು ಚಂದದ ಉಪಾಯ ಅಲ್ವಾ! ತುಂಬಾ ಕಾರುಗಳಲ್ಲಿ ಇದು 82 ಅಥವಾ 88 ಡಿಗ್ರಿಗೆ ತೆರೆಯಲು ಶುರು ಮಾಡಿ, ಇನ್ನೊಂದು ಹತ್ತು ಹನ್ನೆರಡು ಡಿಗ್ರಿ ಏರುವ ಹೊತ್ತಿಗೆ ಪೂರ್ತಿ ತೆರೆದಿರುತ್ತದೆ.

ಆದರೆ ಮೇಣ ಕರಗಲು ಸಮಯ ಬೇಕು, ಗಟ್ಟಿಯಾಗಲೂ ಸಮಯ ಬೇಕು. ಸ್ನಾನದ ಮನೆಯಲ್ಲಿ ಬಿಸಿನೀರು, ತಣ್ಣೀರು ಬೆರೆಸುವಾಗ ಏನಾಗುತ್ತದೆ ನೆನಪಿಸಿಕೊಳ್ಳಿ. ಬಿಸಿನೀರಿನ ನಲ್ಲಿ ತಿರುಗಿಸುತ್ತೇವೆ, ನೀರು ಇನ್ನೂ ತಣ್ಣಗೇ ಇದೆ ಅಂತ ಇನ್ನಷ್ಟು ತಿರುಗಿಸುತ್ತೇವೆ, ಅಷ್ಟರಲ್ಲಿ ಸುಡುಸುಡು ನೀರು ಬಂದು ಮೈಮೇಲೆ ಬೀಳುತ್ತದೆ. ಥರ್ಮೋಸ್ಟಾಟ್ ಕಥೆಯೂ ಇದೇ. ಅದು ಮೊದಲ ಸಲ ತೆರೆದಾಗ ರೇಡಿಯೇಟರಿನಲ್ಲಿ ಅಷ್ಟು ಹೊತ್ತೂ ತಣ್ಣಗೆ ಕೂತಿದ್ದ ಕೂಲೆಂಟ್ ಎಂಜಿನ್ನಿಗೆ ನುಗ್ಗುತ್ತದೆ, ಮುಳ್ಳು ಇಳಿಯುತ್ತದೆ, ಥರ್ಮೋಸ್ಟಾಟ್ ಅರ್ಧ ಮುಚ್ಚಿಕೊಳ್ಳುತ್ತದೆ, ಮತ್ತೆ ಬಿಸಿ ಏರುತ್ತದೆ. ಹೀಗೆ ಎರಡು ಮೂರು ಸಲ ಆಗಿ ಒಂದು ಮಟ್ಟಕ್ಕೆ ಬಂದು ನಿಂತರೆ ಎಲ್ಲವೂ ಸರಿಯಾಗಿದೆ ಅಂತಲೇ ಅರ್ಥ. ದಾರಿಯುದ್ದಕ್ಕೂ ಇದೇ ಏರಿಳಿತ ನಡೆದರೆ ಮಾತ್ರ ಥರ್ಮೋಸ್ಟಾಟ್ ಮೇಲೆ ಅನುಮಾನ ಪಡಿ.

ಎಲೆಕ್ಟ್ರಿಕ್ ಫ್ಯಾನ್ ಕೂಡ ಹೀಗೇ. ಒಂದು ಮಟ್ಟಕ್ಕೆ ಆನ್ ಆಗುತ್ತದೆ, ಅದಕ್ಕಿಂತ ಕೆಲವು ಡಿಗ್ರಿ ಕೆಳಗೆ ಬಂದಮೇಲೇ ಆಫ್ ಆಗುತ್ತದೆ. ಆ ಅಂತರ ಬೇಕಂತಲೇ ಇಟ್ಟಿದ್ದು, ಇಲ್ಲದಿದ್ದರೆ ಫ್ಯಾನ್ ಕ್ಷಣಕ್ಷಣಕ್ಕೂ ಆನ್ ಆಫ್ ಆಗಿ ಬೇಗ ಸವೆದುಹೋಗುತ್ತದೆ. ಹೊಸ ಕಾರುಗಳಲ್ಲೂ ಈ ಏರಿಳಿತ ಇದೆ, ಕಾಣೋದಿಲ್ಲ ಅಷ್ಟೇ. ಅವುಗಳಲ್ಲಿ ತುಂಬಾ ಕಂಪನಿಗಳು ಬಿಸಿ ಸ್ವಲ್ಪ ಹೆಚ್ಚುಕಮ್ಮಿ ಆದರೂ ಮುಳ್ಳು ನಡುವಿನಲ್ಲೇ ನಿಲ್ಲುವ ಹಾಗೆ ಮಾಡಿರುತ್ತವೆ. ಹಳೆ ಮೀಟರ್ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತದೆ. ನನಗೆ ಅದೇ ಇಷ್ಟ.

ಇನ್ನು ನಿಜವಾದ ತೊಂದರೆಗಳು. ಸಿಗ್ನಲ್ಲಿನಲ್ಲಿ ನಿಂತಾಗ ಬಿಸಿ ಏರಿ, ಓಡಲು ಶುರುವಾದ ಕೂಡಲೇ ಇಳಿದರೆ ಮೊದಲು ಫ್ಯಾನ್ ನೋಡಿ. ಓಡುವಾಗ ಎದುರುಗಾಳಿಯೇ ರೇಡಿಯೇಟರ್ ತಣಿಸುತ್ತದೆ, ನಿಂತಾಗ ಫ್ಯಾನ್ ಬಿಟ್ಟರೆ ಗತಿಯಿಲ್ಲ. ಇದಕ್ಕೆ ಉಲ್ಟಾ, ನಿಂತಾಗ ಸರಿಯಿದ್ದು ಹೆದ್ದಾರಿಯಲ್ಲೋ ಏರುದಾರಿಯಲ್ಲೋ ಏರಿದರೆ ಕೂಲೆಂಟಿನ ಹರಿವು ಸಾಲುತ್ತಿಲ್ಲ ಅನ್ನಿಸುತ್ತದೆ. ಒಳಗೆ ಕಟ್ಟಿಕೊಂಡ ರೇಡಿಯೇಟರ್, ರೆಕ್ಕೆ ಸವೆದ ವಾಟರ್ ಪಂಪ್, ಪೂರ್ತಿ ತೆರೆಯದ ಥರ್ಮೋಸ್ಟಾಟ್, ಇಲ್ಲವೇ ಮೆತ್ತಗಾಗಿ ಪಂಪಿನ ಎಳೆತಕ್ಕೆ ಚಪ್ಪಟೆಯಾಗುವ ಕೆಳಗಿನ ಹೋಸ್, ಇವುಗಳಲ್ಲಿ ಯಾವುದೂ ಆಗಬಹುದು.

ಹೆಚ್ಚು ಜನರನ್ನು ದಾರಿ ತಪ್ಪಿಸೋದು ಗಾಳಿಗುಳ್ಳೆ. ಕೂಲೆಂಟ್ ಬದಲಿಸಿದಾಗ ಗಾಳಿ ಪೂರ್ತಿ ಹೊರಗೆ ಹೋಗದಿದ್ದರೆ ಅದು ಎಂಜಿನ್ನಿನ ಎತ್ತರದ ಮೂಲೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಸೆನ್ಸರ್ ಗಾಳಿಯಲ್ಲಿದ್ದರೆ ಮುಳ್ಳು ಕಮ್ಮಿ ತೋರಿಸುತ್ತದೆ, ಗುಳ್ಳೆ ಸರಿದು ಬಿಸಿ ಕೂಲೆಂಟ್ ತಾಗಿದ ಕೂಡಲೇ ಧಡ್ ಅಂತ ಏರುತ್ತದೆ. ಇಲ್ಲಿ ಅಪಾಯ ಏನೆಂದರೆ ಕೂಲೆಂಟ್ ತೀರಾ ಕಮ್ಮಿಯಾದಾಗಲೂ ಹೀಗೇ ಆಗಬಹುದು, ಎಂಜಿನ್ ಸುಡುತ್ತಿರುವಾಗ ಮೀಟರ್ ಎಲ್ಲ ಸರಿಯಿದೆ ಅನ್ನಬಹುದು. ಇಂಥ ಹೊತ್ತಲ್ಲಿ ಹೀಟರ್ ಹಾಕಿ ನೋಡಿ. ಅದೂ ಒಂದು ಪುಟ್ಟ ರೇಡಿಯೇಟರೇ. ಎಂಜಿನ್ ಕಾದಿದ್ದರೂ ಹೀಟರಿನಿಂದ ತಣ್ಣನೆ ಗಾಳಿ ಬಂದರೆ ಒಳಗೆ ಗಾಳಿ ಸೇರಿರಬಹುದು, ಅಥವಾ ಕೂಲೆಂಟ್ ಇಳಿದಿರಬಹುದು.

ಗಾಳಿ ತೆಗೆದಷ್ಟೂ ಮತ್ತೆ ಸೇರುತ್ತಿದ್ದರೆ, ಕೂಲೆಂಟ್ ಎಲ್ಲೂ ಸೋರದೆ ಕಮ್ಮಿಯಾಗುತ್ತಿದ್ದರೆ, ತಣ್ಣಗಿದ್ದ ಎಂಜಿನ್ ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾದರೆ, ಹೆಡ್ ಗ್ಯಾಸ್ಕೆಟ್, ಅಂದರೆ ಹೆಡ್ ಮತ್ತು ಎಂಜಿನ್ ಬ್ಲಾಕಿನ ನಡುವಿನ ಸೀಲ್, ಹೋಗಿರಬಹುದು. ಸಿಲಿಂಡರಿನ ಹೊಗೆ ಕೂಲೆಂಟಿಗೆ ನುಗ್ಗುತ್ತಿರುತ್ತದೆ. ಆಗ ಗಾಡಿ ಓಡಿಸಬೇಡಿ.

ಮುಳ್ಳು ಒಂದೇ ಸೆಕೆಂಡಿನಲ್ಲಿ ನೆಗೆದರೆ ಮಾತ್ರ ಬೇರೆ ಲೆಕ್ಕ. ಅಷ್ಟೊಂದು ಲೀಟರ್ ಕೂಲೆಂಟ್, ಅಷ್ಟು ಕೆಜಿ ಲೋಹ ಒಂದು ಸೆಕೆಂಡಿನಲ್ಲಿ ಇಪ್ಪತ್ತು ಡಿಗ್ರಿ ಬಿಸಿಯಾಗಲಾರದು. ಒಮ್ಮೆ ನನ್ನ ಕಾರಿನಲ್ಲಿ ಹೆಡ್‌ಲೈಟ್ ಹಾಕಿದಾಗೆಲ್ಲ ಮುಳ್ಳು ಏರುತ್ತಿತ್ತು. ಥರ್ಮೋಸ್ಟಾಟ್ ಬದಲಿಸಿದೆ, ಸೆನ್ಸರ್ ಬದಲಿಸಿದೆ, ಏನೂ ಆಗಲಿಲ್ಲ. ಕೊನೆಗೆ ನೋಡಿದರೆ ಅರ್ಥ್ ವೈರಿನ ತುದಿಗೆ ತುಕ್ಕು ಹಿಡಿದಿತ್ತು! ಉಜ್ಜಿ ಬಿಗಿ ಮಾಡಿದ ಮೇಲೆ ಮುಳ್ಳು ಸುಮ್ನೆ ನಿಂತಿತು. ಬಿಸಿಯಾದಷ್ಟೂ ಸೆನ್ಸರಿನ ರೆಸಿಸ್ಟೆನ್ಸ್ ಕಮ್ಮಿಯಾಗುತ್ತದೆ, ಮೀಟರ್ ಅಳೆಯೋದು ಅದನ್ನೇ. ಹಾಗಾಗಿ ವೈರಿನ ದೋಷವೂ ಅದಕ್ಕೆ ಬಿಸಿಯಾಗಿಯೇ ಕಾಣುತ್ತದೆ.

ಕಡೆಯದಾಗಿ ರೇಡಿಯೇಟರ್ ಮುಚ್ಚಳ. ಜನ ಇದನ್ನು ಬರೀ ಮುಚ್ಚಳ ಅಂದುಕೊಳ್ಳುತ್ತಾರೆ. ತುಂಬಾ ಕಾರುಗಳಲ್ಲಿ ಇದು ಹೊರಗಿನ ಗಾಳಿಗಿಂತ ಸುಮಾರು 1 ಬಾರ್ ಜಾಸ್ತಿ ಒತ್ತಡ ಹಿಡಿದಿಡುತ್ತದೆ. ಆ ಒತ್ತಡದಲ್ಲಿ ಬರೀ ನೀರು ಕೂಡ ಕುದಿಯೋದು ಸುಮಾರು 120 ಡಿಗ್ರಿಗೆ. ಮುಚ್ಚಳದ ಸ್ಪ್ರಿಂಗ್ ಸಡಿಲವಾದರೆ ಕೂಲೆಂಟ್ ಬೇಗ ಕುದಿಯುತ್ತದೆ, ಆವಿಯ ಗುಳ್ಳೆಗಳು ಏಳುತ್ತವೆ, ಮುಳ್ಳು ಕುಣಿಯುತ್ತದೆ. ಎಂಜಿನ್ ಕಾದಿರುವಾಗ ಮುಚ್ಚಳ ತೆಗೆಯಬಾರದು ಅನ್ನೋದೂ ಇದಕ್ಕೇ. ಒತ್ತಡ ಬಿಟ್ಟ ಕೂಡಲೇ 110 ಡಿಗ್ರಿಯ ಕೂಲೆಂಟ್ ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ದಾರಿಯಲ್ಲಿ ಮುಳ್ಳು ಕೆಂಪಿನ ಕಡೆ ಹೊರಟರೆ ಏಸಿ ಆಫ್ ಮಾಡಿ, ಹೀಟರ್ ಪೂರ್ತಿ ಹಾಕಿ, ಜಾಗ ಸಿಕ್ಕ ಕೂಡಲೇ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಆಫ್ ಮಾಡಿದ ಮೇಲೂ ಬಿಸಿ ಸ್ವಲ್ಪ ಹೊತ್ತು ಏರುತ್ತದೆ, ಯಾಕೆಂದರೆ ಪಂಪ್ ನಿಂತಿದೆ, ಲೋಹ ಇನ್ನೂ ಕಾದಿದೆ. ಹೋಸನ್ನು ಮುಟ್ಟಿದರೆ ಕೈ ಸುಡದಷ್ಟು ತಣ್ಣಗಾಗುವ ತನಕ ಮುಚ್ಚಳದ ಹತ್ತಿರ ಹೋಗಬೇಡಿ.