ಅಟ್ಲಾಂಟಿಕ್ ಮೇಲಿನ ಗಿಡ್ಡ ರಾತ್ರಿ

ನ್ಯೂಯಾರ್ಕಿನ ಜೆಎಫ್‌ಕೆ ನಿಲ್ದಾಣದಿಂದ ಲಂಡನ್ನಿನ ಹೀಥ್ರೂಗೆ ಸುಮಾರು 5,550 ಕಿಲೋಮೀಟರ್ ದೂರ. ರಾತ್ರಿ ಒಂಬತ್ತೂವರೆಗೆ ಹೊರಡುವ ವಿಮಾನ ಆಕಾಶದಲ್ಲಿರುವುದು ಆರು, ಹೆಚ್ಚೆಂದರೆ ಆರೂವರೆ ತಾಸು. ಬಿಸಿನೆಸ್ ಕ್ಲಾಸಿಗೆ ಎಕಾನಮಿಯ ಹಲವು ಪಟ್ಟು ಹಣ ಕೊಡುವವರು ಮುಖ್ಯವಾಗಿ ಕೊಳ್ಳುವುದು ಮಲಗುವ ಜಾಗವನ್ನು. ಜಾಗವೇನೋ ಸಿಗುತ್ತದೆ, ಮಲಗಲು ಹೊತ್ತು ಸಿಗುವುದೇ ಕಷ್ಟ. ಇದನ್ನು ಮೊದಲೇ ಲೆಕ್ಕ ಹಾಕಿಕೊಳ್ಳದೆ ಹತ್ತಿದರೆ ಕೊಟ್ಟ ದುಡ್ಡು ಊಟದ ತಟ್ಟೆಯ ಮುಂದೆಯೇ ಕರಗಿಹೋಗುತ್ತದೆ.

ರಾತ್ರಿ ಗಿಡ್ಡವಾಗುವುದು ಭೂಮಿಯ ತಿರುಗಾಟದಿಂದ. 50 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ನೆಲವೇ ಗಂಟೆಗೆ ಸುಮಾರು 1,070 ಕಿಲೋಮೀಟರ್ ವೇಗದಲ್ಲಿ ಪೂರ್ವಕ್ಕೆ ಸಾಗುತ್ತಿದೆ. ವಿಮಾನವೂ ಅದೇ ದಿಕ್ಕಿನಲ್ಲಿ ಗಂಟೆಗೆ ಸಾವಿರ ಕಿಲೋಮೀಟರಿನಂತೆ ಸೂರ್ಯೋದಯದತ್ತ ಓಡಿದರೆ ಕತ್ತಲೆ ಹೆಚ್ಚು ಕಡಿಮೆ ಎರಡು ಪಟ್ಟು ಬೇಗ ಕಳೆಯುತ್ತದೆ. ಜೂನ್ ತಿಂಗಳಲ್ಲಂತೂ ಎಡಬದಿಯ ಕಿಟಕಿಯಲ್ಲಿ ಉತ್ತರ ದಿಗಂತದ ಬೆಳಕು ಪೂರ್ತಿ ಆರುವುದೇ ಇಲ್ಲ. ಇದರ ಜೊತೆಗೆ ಜೆಟ್ ಸ್ಟ್ರೀಮ್ ಇದೆ: ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಈ ಎತ್ತರದ ಗಾಳಿ ಚಳಿಗಾಲದಲ್ಲಿ ಬಲವಾಗಿರುತ್ತದೆ. ಅದನ್ನು ನೋಡಿಕೊಂಡೇ ಕೆನಡಾದ ಗ್ಯಾಂಡರ್ ಮತ್ತು ಸ್ಕಾಟ್ಲೆಂಡಿನ ಪ್ರೆಸ್ಟ್‌ವಿಕ್ ನಿಯಂತ್ರಣ ಕೇಂದ್ರಗಳು ಸಾಗರದ ಮೇಲಿನ ದಾರಿಗಳನ್ನು ದಿನವೂ ಹೊಸದಾಗಿ ಗೊತ್ತುಮಾಡುತ್ತವೆ. 2020ರ ಫೆಬ್ರವರಿಯಲ್ಲಿ ಕಿಯಾರಾ ಚಂಡಮಾರುತದ ಹೊತ್ತಿಗೆ ಬ್ರಿಟಿಷ್ ಏರ್‌ವೇಸಿನ ಒಂದು ಬೋಯಿಂಗ್ 747 ಇದೇ ದಾರಿಯನ್ನು 4 ಗಂಟೆ 56 ನಿಮಿಷಗಳಲ್ಲಿ ಮುಗಿಸಿತು. ನಿದ್ದೆಯ ಲೆಕ್ಕದಲ್ಲಿ ಅದು ಒಂದು ತಾಸಿಗೂ ಹೆಚ್ಚಿನ ನಷ್ಟ.

ಈಗ ಗಡಿಯಾರ ಹಿಡಿದು ನೋಡೋಣ. ಒಂಬತ್ತೂವರೆಗೆ ಗೇಟು ಬಿಟ್ಟ ವಿಮಾನ ರನ್‌ವೇ ಸರದಿ ಕಾದು ಏರುವಾಗ ಹತ್ತು ಗಂಟೆ. ಆಸನವನ್ನು ಮಲಗಿಸಲು ಅನುಮತಿ ಸಿಗುವಾಗ ಹತ್ತೂವರೆ. ಪಾನೀಯ, ಊಟ, ಸಿಹಿ ಎಂದು ಒಂದೊಂದಾಗಿ ಬಂದರೆ ಹನ್ನೆರಡಾಗುತ್ತದೆ. ಇಳಿಯುವ ಒಂದೂವರೆ ತಾಸು ಮೊದಲು, ಅಂದರೆ ನ್ಯೂಯಾರ್ಕಿನ ಎರಡೂಮುಕ್ಕಾಲಿಗೆ, ತಿಂಡಿಗಾಗಿ ದೀಪ ಹಾಕುತ್ತಾರೆ. ಉಳಿದದ್ದು ಎರಡೂಮುಕ್ಕಾಲು ತಾಸು. ಲೌಂಜಿನಲ್ಲೇ ಎಂಟು ಗಂಟೆಗೆ ಊಟ ಮುಗಿಸಿ, ವಿಮಾನದ ಊಟ ತಿಂಡಿ ಎರಡನ್ನೂ ಬೇಡವೆಂದು, ‘ಇಳಿಯುವ ನಲವತ್ತು ನಿಮಿಷ ಮೊದಲು ಎಬ್ಬಿಸಿ’ ಎಂದು ಸಿಬ್ಬಂದಿಗೆ ಹೇಳಿಟ್ಟರೆ ಐದು ತಾಸು ಸಿಗುತ್ತದೆ. ನಿದ್ದೆಯ ಒಂದು ಆವರ್ತ ಸುಮಾರು 90 ನಿಮಿಷದ್ದು; ಮೂರು ಆವರ್ತ ಪೂರ್ತಿಯಾಗುತ್ತವೆ. ಗಾಢ ನಿದ್ದೆಯ ಬಹುಪಾಲು ಮೊದಲ ಆವರ್ತಗಳಲ್ಲೇ ಬರುವುದರಿಂದ ಈ ಐದು ತಾಸಿಗೆ ಬೆಲೆಯಿದೆ. ಊಟ ಬಿಟ್ಟರೆ ರುಚಿಯ ನಷ್ಟವೂ ದೊಡ್ಡದಲ್ಲ: ಒಣ ಗಾಳಿಯಲ್ಲಿ ಮೂಗು ಮಂಕಾಗುತ್ತದೆ, ಉಪ್ಪು ಸಿಹಿ ಎರಡೂ ನಾಲಿಗೆಗೆ ಸಪ್ಪೆಯೆನಿಸುತ್ತವೆ.

ಬಿಸಿನೆಸ್ ಕ್ಲಾಸಿನಲ್ಲಿ ಪೂರ್ತಿ ಚಪ್ಪಟೆಯಾಗುವ ಹಾಸಿಗೆಯನ್ನು ಬ್ರಿಟಿಷ್ ಏರ್‌ವೇಸ್ ತಂದದ್ದು 2000ದಲ್ಲಿ. ಚಪ್ಪಟೆ ಏಕೆ ಬೇಕು? ಕನಸಿನ ನಿದ್ದೆಯಲ್ಲಿ ಕತ್ತಿನ ಸ್ನಾಯುಗಳು ಪೂರ್ತಿ ಸಡಿಲವಾಗುತ್ತವೆ. ಕೂತೇ ಮಲಗಿದವರ ತಲೆ ವಾಲುವುದು, ಬೆಚ್ಚಿ ಏಳುವುದು ಅದರಿಂದಲೇ. ಆದರೆ ಎಲ್ಲ ಹಾಸಿಗೆಗಳೂ ಒಂದೇ ಅಲ್ಲ. ಆಸನಗಳನ್ನು ಒತ್ತೊತ್ತಾಗಿ ಜೋಡಿಸಲು, ನಿಮ್ಮ ಪಾದಗಳು ಮುಂದಿನವರ ಪಕ್ಕದ ಮೇಜಿನ ಕೆಳಗಿನ ಗೂಡಿಗೆ ಹೋಗುವಂತೆ ಮಾಡಿರುತ್ತಾರೆ. ಆ ಗೂಡು ಕಿರಿದಾಗಿದ್ದರೆ ಪಕ್ಕಕ್ಕೆ ಹೊರಳಿದಾಗ ಮಂಡಿಯೂ ಪಾದವೂ ತಗಲುತ್ತವೆ. ಮುಂದೆ ಗೋಡೆ ಮಾತ್ರ ಇರುವ ಮೊದಲ ಸಾಲಿನಲ್ಲಿ ಗೂಡು ಸಾಮಾನ್ಯವಾಗಿ ಅಗಲ. ಎತ್ತರದವರು ಅದನ್ನೇ ಹಿಡಿಯಬೇಕು. ಆದರೆ ಬೆನ್ನ ಹಿಂದೆ ಅಥವಾ ಮುಂದೆ ಅಡುಗೆ ಮೂಲೆಯಿದ್ದರೆ ಪಾತ್ರೆ ಸದ್ದು, ಬೆಳಕು ತಪ್ಪುವುದಿಲ್ಲ. ಆಸನ ನಕ್ಷೆಯಲ್ಲಿ ಇದೆರಡನ್ನೂ ನೋಡಿ ಆರಿಸಿ.

ಇನ್ನೊಂದು ವಿಷಯ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ನೇರ ಹಾರಾಟದಲ್ಲೂ ವಿಮಾನದ ಮೂತಿ ಎರಡರಿಂದ ಮೂರು ಡಿಗ್ರಿ ಮೇಲಕ್ಕಿರುತ್ತದೆ. ಎರಡು ಮೀಟರ್ ಉದ್ದದ ಹಾಸಿಗೆ ವಿಮಾನದ ನೆಲಕ್ಕೆ ಸಮಾನಾಂತರವಾಗಿದ್ದು, ಪಾದ ಮುಂದಿದ್ದರೆ, ಅದು ತಲೆಗಿಂತ ಏಳರಿಂದ ಹತ್ತು ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ತಲೆ ಭಾರವೆನಿಸಿದರೆ ಬೆನ್ನಿನ ಭಾಗವನ್ನು ಸ್ವಲ್ಪವೇ ಎತ್ತಿ. ಸೀಟ್ ಬೆಲ್ಟನ್ನು ಹೊದಿಕೆಯ ಮೇಲೆ ಕಾಣುವಂತೆ ಕಟ್ಟಿಕೊಳ್ಳಿ. ಕುಲುಕಾಟ ಶುರುವಾದಾಗ ಅದನ್ನು ನೋಡಲು ಯಾರೂ ನಿಮ್ಮನ್ನು ಎಬ್ಬಿಸಬೇಕಾಗಿಲ್ಲ. ಫೋನು ಆಸನದ ಸಂದಿಗೆ ಬಿದ್ದರೆ ಮೋಟಾರಿನ ಗುಂಡಿ ಮುಟ್ಟಲೇಬೇಡಿ. ಆಸನ ಜರುಗಿ ಲಿಥಿಯಂ ಬ್ಯಾಟರಿ ಜಜ್ಜಿಹೋದರೆ ಬೆಂಕಿ ಹತ್ತುತ್ತದೆ. ಎದ್ದು ನಿಂತು ಸಿಬ್ಬಂದಿಯನ್ನು ಕರೆಯಿರಿ.

ಹಾಸಿಗೆ ಎಷ್ಟೇ ಒಳ್ಳೆಯದಿರಲಿ, ಉಸಿರಾಡುವ ಗಾಳಿ ಎಲ್ಲ ದರ್ಜೆಗೂ ಒಂದೇ. ಕ್ಯಾಬಿನ್ನಿನ ಒತ್ತಡ ಗರಿಷ್ಠ 2,438 ಮೀಟರ್ ಎತ್ತರದ ಬೆಟ್ಟದ ಮೇಲಿನ ಒತ್ತಡಕ್ಕೆ ಸಮನಾಗುವವರೆಗೆ ಇಳಿಯಬಹುದು. ಬೋಯಿಂಗ್ 787 ಮತ್ತು ಏರ್‌ಬಸ್ ಎ350ರಲ್ಲಿ ಇದು ಸುಮಾರು 1,800 ಮೀಟರಿಗೆ ನಿಲ್ಲುತ್ತದೆ. ಒಂದೇ ದರಕ್ಕೆ ಎರಡು ಆಯ್ಕೆಯಿದ್ದರೆ ಇವನ್ನೇ ಆರಿಸಿ. ಒತ್ತಡ ಇಳಿದಾಗ ಹೊಟ್ಟೆಯೊಳಗಿನ ವಾಯು ಮೂರನೇ ಒಂದರಷ್ಟು ಹಿಗ್ಗುತ್ತದೆ, ಆದ್ದರಿಂದ ಕಾಳು, ಸೋಡಾ ಆ ಸಂಜೆ ಬೇಡ.

ಮದ್ಯದ ಮಾತು ಬೇರೆಯೇ. ಜರ್ಮನಿಯ ಡಿಎಲ್‌ಆರ್ ವಿಮಾನಯಾನ ಮತ್ತು ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2024ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 18ರಿಂದ 40 ವಯಸ್ಸಿನ 48 ಆರೋಗ್ಯವಂತರು ಭಾಗವಹಿಸಿದ್ದರು. 2,438 ಮೀಟರಿನ ಒತ್ತಡವಿದ್ದ ಕೋಣೆಯಲ್ಲಿ ಕುಡಿಯದೆ ಮಲಗಿದಾಗ ರಕ್ತದ ಆಮ್ಲಜನಕ ಸುಮಾರು 88 ಶೇಕಡಾಕ್ಕೆ ಇಳಿಯಿತು, ಎದೆಬಡಿತ 73ರ ಆಸುಪಾಸಿನಲ್ಲಿತ್ತು. ಎರಡು ಲೋಟ ವೈನಿನಷ್ಟು ಮದ್ಯ ಸೇರಿದಾಗ ಆಮ್ಲಜನಕ 85ಕ್ಕೆ ಇಳಿದು ಬಡಿತ 88ರ ಸಮೀಪಕ್ಕೆ ಏರಿತು. ಹೃದಯ, ಶ್ವಾಸಕೋಶದ ತೊಂದರೆಯಿರುವವರಿಗೆ ಇದು ಅಪಾಯದ ಮಟ್ಟ. ಪುಕ್ಕಟೆ ಶಾಂಪೇನ್ ಕುಡಿದು ಮಲಗಬೇಡಿ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಎಕಾನಮಿಗೆ ಮಾತ್ರ ಸೀಮಿತವೆಂದೂ ತಿಳಿಯಬೇಡಿ. ನಿದ್ದೆ ಮಾತ್ರೆ ನುಂಗಿ ಅಲುಗಾಡದೆ ಬಿದ್ದುಕೊಂಡರೆ ಚಪ್ಪಟೆ ಹಾಸಿಗೆ ಕಾಪಾಡುವುದಿಲ್ಲ.

ಇಳಿದಾಗ ಲಂಡನ್ನಿನಲ್ಲಿ ಬೆಳಗಿನ ಒಂಬತ್ತೂಕಾಲು, ನಿಮ್ಮ ಮೈಗೆ ನಾಲ್ಕೂಕಾಲು. ನ್ಯೂಯಾರ್ಕಿನಲ್ಲಿ ಹನ್ನೊಂದಕ್ಕೆ ಮಲಗಿ ಏಳಕ್ಕೆ ಏಳುವವರ ಮೈಬಿಸಿ ತೀರಾ ಕೆಳಗಿಳಿಯುವುದು ಅಲ್ಲಿನ ಬೆಳಗಿನ ಐದರ ಸುಮಾರಿಗೆ, ಅಂದರೆ ಲಂಡನ್ನಿನ ಹತ್ತಕ್ಕೆ. ಈ ಬಿಂದುವಿಗೆ ಮೊದಲು ಕಣ್ಣಿಗೆ ಬಿದ್ದ ಬೆಳಕು ದೇಹದ ಗಡಿಯಾರವನ್ನು ಹಿಂದಕ್ಕೆ ತಳ್ಳುತ್ತದೆ, ಆಮೇಲೆ ಬಿದ್ದದ್ದು ಮುಂದಕ್ಕೆ. ಪೂರ್ವಕ್ಕೆ ಬಂದವರಿಗೆ ಬೇಕಿರುವುದು ಮುಂದಕ್ಕೆ. ಹಾಗಾಗಿ ವಿಮಾನದ ಕಿಟಕಿ ಮುಚ್ಚಿಟ್ಟು, ಹತ್ತೂವರೆಯವರೆಗೆ ತಂಪು ಕನ್ನಡಕ ಹಾಕಿಕೊಂಡು, ಆಮೇಲೆ ಬಿಸಿಲಿನಲ್ಲಿ ಚೆನ್ನಾಗಿ ನಡೆದಾಡಿ. ಮರುದಿನ ಅದೇ ಕೆಲಸವನ್ನು ಒಂದು ತಾಸು ಮೊದಲೇ ಶುರುಮಾಡಬಹುದು. ಆ ಬೆಳಿಗ್ಗೆ ಕಾರು ಓಡಿಸುವುದು ಬೇಡ. ಮೈಯ ಎಚ್ಚರ ಅತಿ ಕಡಿಮೆಯಿರುವ ಗಳಿಗೆ ಅದು, ಮೇಲಾಗಿ ಅಮೆರಿಕದಿಂದ ಬಂದವರಿಗೆ ರಸ್ತೆಯ ಬದಿಯೂ ಬದಲಾಗಿರುತ್ತದೆ.

ಲಂಡನ್ ಮೂಲಕ ಬೆಂಗಳೂರಿಗೆ ಹೋಗುವವರಿಗೆ ಈ ಬೆಳಕಿನ ಲೆಕ್ಕ ಅನ್ವಯಿಸುವುದಿಲ್ಲ. ನ್ಯೂಯಾರ್ಕಿಗೂ ಬೆಂಗಳೂರಿಗೂ ಬೇಸಿಗೆಯಲ್ಲಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ ತಾಸಿನ ಅಂತರ. ಲಂಡನ್ನಿನ ಸಮಯಕ್ಕೆ ಒಗ್ಗಿಕೊಂಡು ಲಾಭವಿಲ್ಲ. ಹಣವೋ ಪಾಯಿಂಟುಗಳೋ ಒಂದೇ ಹಂತಕ್ಕೆ ಸಾಲುವಂತಿದ್ದರೆ ಬಿಸಿನೆಸ್ ಕ್ಲಾಸನ್ನು ಎರಡನೆಯ ಹಂತಕ್ಕೆ ಕೊಳ್ಳಿ: ಲಂಡನ್ನಿನಿಂದ ಬೆಂಗಳೂರಿಗೆ ಸುಮಾರು ಹತ್ತು ತಾಸು, ಊಟ ತಿಂಡಿ ಎರಡನ್ನೂ ಮಾಡಿದರೂ ಆರು ತಾಸು ಮಲಗಬಹುದು.